ಕಾಯಿ ರುಬ್ಬುವ ಮುಂಚೆ

ವಾರಕ್ಕಾಗುವಷ್ಟು ಸಾಗು ಒಂದೇ ಸಲ ಮಾಡಿಟ್ಟುಕೊಳ್ಳಬಹುದಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಮಾತು: ಕಾಯಿ ಹಾಕ್ತೀರಾ? ಯಾವ ತರಕಾರಿ, ಎಷ್ಟು ಈರುಳ್ಳಿ, ಸ್ಟೀಲ್ ಡಬ್ಬಿಯೋ ಗಾಜಿನದೋ, ಇವಕ್ಕೆಲ್ಲ ಆಮೇಲೆ ನಿಧಾನವಾಗಿ ಉತ್ತರ ಹುಡುಕಿಕೊಳ್ಳಬಹುದು. ಕಾಯಿಯ ಮಾತು ಮೊದಲು ಇತ್ಯರ್ಥವಾಗಬೇಕು.

ಸಿಂಗಸಂದ್ರದಲ್ಲಿ ಈ ಪ್ರಶ್ನೆ ಕೇಳುವವರಿಗೆ ಬರವಿಲ್ಲ. ಹೊಸೂರು ರಸ್ತೆಯಲ್ಲಿ ಕೂಡ್ಲು ಗೇಟಿಗೂ ಹೊಸ ರೋಡಿಗೂ ನಡುವಿನ ಊರು ನಮ್ಮದು. ಬೇಗೂರು ಹೋಬಳಿಯ ಹಳ್ಳಿಯಾಗಿದ್ದದ್ದು ನಗರದೊಳಗೆ ಕರಗಿತು. ಕೆರೆ ಉಳಿಯಿತು, ಹೊಲ ಉಳಿಯಲಿಲ್ಲ. 2010ರಲ್ಲಿ ತಲೆಯ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ಬಂತು, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಬಂತು, ಸಿಂಗಸಂದ್ರದ ಹೆಸರಿನಲ್ಲೇ ಒಂದು ಸ್ಟೇಷನ್ ಆಯಿತು. ಸಂಜೆ ಆ ಮೆಟ್ಟಿಲು ಇಳಿದು ಬರುವವರನ್ನು ನೋಡಿ. ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಖಾಲಿ ಊಟದ ಡಬ್ಬಿ. ಮನೆಗೆ ಹೋಗಿ ಈರುಳ್ಳಿ ಹೆಚ್ಚುವ ತ್ರಾಣ ಅವರಲ್ಲಿ ಉಳಿದಿರುವುದಿಲ್ಲ. ಹಾಗಂತ ದಿನಾ ಹೊರಗಿನಿಂದ ತರಿಸಿಕೊಂಡರೆ ಹೊಟ್ಟೆಯೂ ಕೆಡುತ್ತದೆ, ತಿಂಗಳ ಕೊನೆಗೆ ಕೈಯೂ ಖಾಲಿಯಾಗುತ್ತದೆ. ಆದ್ದರಿಂದ ಭಾನುವಾರ ಒಂದು ದೊಡ್ಡ ಪಾತ್ರೆಯಲ್ಲಿ ಏನಾದರೂ ಮಾಡಿಟ್ಟು ಶುಕ್ರವಾರದವರೆಗೆ ಎಳೆಯುವ ಯೋಚನೆ ಎಲ್ಲರಿಗೂ ಬರುತ್ತದೆ. ಒಳ್ಳೆಯ ಯೋಚನೆಯೇ. ಮಾಡುವ ಬಗೆ ಗೊತ್ತಿರಬೇಕು, ಅಷ್ಟೆ.

ನಮ್ಮ ಮೇಲಿನ ಮಹಡಿಯಲ್ಲಿ ಹಾವೇರಿ ಕಡೆಯ ಹುಡುಗನೊಬ್ಬ ಇದ್ದಾನೆ. ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದ: “ಅಕ್ಕಾರ, ಐತವಾರ ಮಾಡಿದ ಪಲ್ಲೆ ಬುಧವಾರಕ್ಕ ಹಳಸಿ ಹೋತ್ರೀ. ಫ್ರಿಜ್‌ನ್ಯಾಗ ಇಟ್ಟಿದ್ದೆ.”

“ಕಾಯಿ ಹಾಕಿದ್ದೇನಪ್ಪಾ?”

“ಹೂನ್ರೀ. ಇಲ್ಲಿ ಎಲ್ಲಾರೂ ಹಾಕ್ತಾರಲ್ರೀ.”

“ಊರಲ್ಲಿ ನಿಮ್ಮಮ್ಮ ಏನು ಹಾಕ್ತಾರೆ?”

“ನಮ್ಮವ್ವ ಶೇಂಗಾಪುಡಿ, ಗುರೆಳ್ಳಪುಡಿ ಹಾಕ್ತಾಳ್ರೀ. ಕೊಬ್ರಿ ಇದ್ರ ಒಣದು.”

ಉತ್ತರ ಅವನ ಬಾಯಲ್ಲೇ ಇತ್ತು. ಅವನ ತಾಯಿಯ ಅಡುಗೆ ಮಳೆ ಕಡಿಮೆಯಿರುವ, ತೆಂಗು ಕಡಿಮೆಯಿರುವ ಸೀಮೆಯದು. ಅಲ್ಲಿ ಪಲ್ಯಕ್ಕೆ ಮೈ ಕೊಡುವುದು ಹುರಿದು ಕುಟ್ಟಿದ ಎಣ್ಣೆಕಾಳು. ಹುರಿದ ಶೇಂಗಾದಲ್ಲಿ, ಗುರೆಳ್ಳಿನಲ್ಲಿ, ಎಳ್ಳಿನಲ್ಲಿ ನೀರಿನ ಅಂಶ ತೀರಾ ಕಡಿಮೆ. ಹಸಿ ತೆಂಗಿನಕಾಯಿಯ ತಿರುಳಿನಲ್ಲಿ ಹತ್ತಿರ ಹತ್ತಿರ ಅರ್ಧಭಾಗ ನೀರೇ. ಅದರ ಜೊತೆಗೆ ಒಂದಿಷ್ಟು ಸಕ್ಕರೆ, ಬೇಕಾದಷ್ಟು ಜಿಡ್ಡು. ರುಬ್ಬಿದ ಕೂಡಲೇ ಕಣಕಣವೂ ಒಡೆದು ಇದೆಲ್ಲ ಒಟ್ಟಿಗೆ ಹೊರಗೆ ಬರುತ್ತದೆ. ಸೂಕ್ಷ್ಮಜೀವಿಗಳಿಗೆ ಇದಕ್ಕಿಂತ ಹದವಾದ ಜಾಗ ಬೇರೆ ಬೇಡ. ಅದೇ ಕಾಯಿಯನ್ನು ತಿಪಟೂರಿನವರು ಒಣಗಿಸಿ ಕೊಬ್ಬರಿ ಮಾಡಿದರೆ ತಿಂಗಳುಗಟ್ಟಲೆ ಇರುತ್ತದೆ, ಯಾಕೆಂದರೆ ನೀರು ಹೋಗಿರುತ್ತದೆ. ಬೆಂಗಳೂರಿಗೆ ಬಂದು, ಊರಿನ ಕ್ರಮ ಬಿಟ್ಟು, ಹಳೇ ಮೈಸೂರಿನ ಸಾಗು ಕಲಿತ ಹುಡುಗನಿಗೆ ಬಾಳಿಕೆ ಬರುವ ಅಡುಗೆ ಮನೆಯಲ್ಲೇ ಇತ್ತೆಂದು ಯಾರೂ ಹೇಳಿರಲಿಲ್ಲ.

ಹಾಗಂತ ನಾನು ಕಾಯಿಯನ್ನು ಬಿಟ್ಟುಕೊಡುವವಳಲ್ಲ. ಹುಳಿ, ಕೂಟು, ಸಾಗು, ಇವಕ್ಕೆ ಹಸಿಕಾಯಿಯೇ ಜೀವ. ನಾನು ಹೇಳುವುದಿಷ್ಟೇ: ವಾರದ ಅಡುಗೆಯನ್ನು ಪೂರ್ತಿ ಮಾಡಿ ಇಡಬೇಡಿ, ಕಾಯಿ ರುಬ್ಬುವ ಮುಂಚೆ ನಿಲ್ಲಿಸಿ. ಕಾಳು ಬೆಂದಿರಲಿ, ಈರುಳ್ಳಿ ಟೊಮ್ಯಾಟೊ ಬಾಡಿರಲಿ, ಹುಳಿ ಖಾರ ಹಿಡಿದಿರಲಿ. ಕಾಯಿ ಆಯಾ ದಿನದ್ದು, ಒಗ್ಗರಣೆ ಆಯಾ ಹೊತ್ತಿನದು. ಅಡುಗೆಯ ಶ್ರಮದಲ್ಲಿ ಮುಕ್ಕಾಲು ಪಾಲು ಭಾನುವಾರವೇ ಮುಗಿದಿರುತ್ತದೆ. ರುಚಿಯ ದೊಡ್ಡ ಪಾಲು ಮಾತ್ರ ಕೊನೆಯ ಹತ್ತು ನಿಮಿಷಕ್ಕೆ ಉಳಿದಿರುತ್ತದೆ.

ಇದು ಹೊಸ ವಿದ್ಯೆಯೇನೂ ಅಲ್ಲ. ಬೊಮ್ಮನಹಳ್ಳಿ, ಗಾರ್ವೆಬಾವಿಪಾಳ್ಯದ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳನ್ನು ಕೇಳಿ. ಮಂಡ್ಯ, ಮಳವಳ್ಳಿ, ಕನಕಪುರದ ಕಡೆಯಿಂದ ಬಂದವರಿಗೆ ಉಪ್ಸಾರು ಗೊತ್ತು. ಬೇಳೆಯನ್ನೋ ಕಾಳನ್ನೋ ಸೊಪ್ಪಿನ ಜೊತೆ ಉಪ್ಪು ಹಾಕಿ ಬೇಯಿಸಿ ಬಸಿಯುತ್ತಾರೆ; ಬಸಿದ ನೀರೇ ಕಟ್ಟು. ಖಾರ ಬೇರೆಯೇ: ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಿಸೆ, ಉಪ್ಪು, ಗಟ್ಟಿಯಾಗಿ ಅರೆದದ್ದು. ಹಸಿ ನೀರು ತಾಗಿಸದೆ ಇಟ್ಟರೆ ಆ ಖಾರ ದಿನಗಟ್ಟಲೆ ಕೆಡುವುದಿಲ್ಲ. ಊಟಕ್ಕೆ ಕೂತಾಗ ಬಿಸಿ ಕಟ್ಟಿಗೆ ತಮಗೆ ಬೇಕಾದಷ್ಟು ಖಾರ ಕದಡಿಕೊಂಡು ಮುದ್ದೆ ಅದ್ದುತ್ತಾರೆ. ಬಸಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಅದೇ ಪಲ್ಯ. ಬೆಳಗಿನ ಜಾವ ಎದ್ದು, ಡಬ್ಬಿ ಕಟ್ಟಿ, ಮಕ್ಕಳನ್ನು ಸ್ಕೂಲಿಗೆ ಬಿಟ್ಟು, ಶಿಫ್ಟಿಗೆ ಓಡುವವರು ಕಂಡುಕೊಂಡ ದಾರಿ ಇದು. ವಾರದ ಅಡುಗೆಯ ಪಾಠ ಹೇಳಿಕೊಡಬೇಕಾದವರು ಇವರೇ ಎಂದು ನನ್ನ ಬಲವಾದ ನಂಬಿಕೆ.

ಮಲೆನಾಡಿನವರ ಕರಕಲಿಯೂ ಇದೇ ಜಾತಿ. ಕೆಸುವಿನ ಸೊಪ್ಪಿಗೆ ಹುಳಿ, ಹಸಿಮೆಣಸು, ಬೆಳ್ಳುಳ್ಳಿ ಹಾಕಿ, ದಿನಾ ಒಂದು ಕುದಿ ಕುದಿಸಿ ಇಡುತ್ತಾರೆ. ಕುದಿದಷ್ಟೂ ರುಚಿ. ಬ್ರಾಹ್ಮಣರ ಮನೆಯ ಹಾಗಲಕಾಯಿ ಗೊಜ್ಜು, ಪುಳಿಯೋಗರೆ ಗೊಜ್ಜು ಇವೂ ಹುಣಿಸೆ, ಬೆಲ್ಲ, ಉಪ್ಪು, ಎಣ್ಣೆಯ ಬಲದಲ್ಲೇ ನಿಲ್ಲುವಂಥವು. ಫ್ರಿಜ್ ಇಲ್ಲದ ಕಾಲದಲ್ಲಿ ಹುಳಿಯೇ ಕಾವಲು.

ನಮ್ಮ ಹೊಸೂರು ರಸ್ತೆಗೆ ಈ ವಿಷಯದಲ್ಲಿ ಒಂದು ಸೋಜಿಗದ ಗುಣವಿದೆ. ಒಂದು ತುದಿಯಲ್ಲಿ ಮಡಿವಾಳ ಮಾರುಕಟ್ಟೆ, ತರಕಾರಿಗೆ. ಇನ್ನೊಂದು ತುದಿಯಲ್ಲಿ, ಗಡಿ ದಾಟಿ ಹೊಸೂರಿನಲ್ಲಿ, ಪ್ರೆಸ್ಟೀಜ್ ಕುಕ್ಕರಿನ ಕಾರ್ಖಾನೆ. ನಡುವೆ ಬೊಮ್ಮಸಂದ್ರದಲ್ಲಿ ಎಂಟಿಆರ್‌ನವರ ಆಹಾರ ಕಾರ್ಖಾನೆ. 1924ರಲ್ಲಿ ಶುರುವಾದ ಮಾವಳ್ಳಿಯ ಹೋಟೆಲಿನವರು ತುರ್ತು ಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ಬೆಲೆಗೆ ಸರ್ಕಾರ ಕಡಿವಾಣ ಹಾಕಿದಾಗ ಪುಡಿ, ಮಿಕ್ಸ್‌ಗಳ ವ್ಯಾಪಾರಕ್ಕೆ ಇಳಿದರು. ಮುಂದೆ ಬಿಸಿ ಮಾಡಿದರೆ ಸಾಕು ಎನ್ನುವ ಪೊಟ್ಟಣದ ಪಲ್ಯಗಳು ಬಂದವು. ಆ ಪೊಟ್ಟಣದ ತಂತ್ರಕ್ಕೆ ಮೈಸೂರಿನ ನಂಟಿದೆ. 1961ರಲ್ಲಿ ಅಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾಲಯ, ಅಂದರೆ ಡಿಎಫ್‌ಆರ್‌ಎಲ್, ಗಡಿಯಲ್ಲಿರುವ ಸೈನಿಕರಿಗೆ ಕೆಡದ ಊಟ ಒದಗಿಸಲು ಇದನ್ನು ಪಳಗಿಸಿ ಕಂಪನಿಗಳಿಗೂ ಹೇಳಿಕೊಟ್ಟಿತು. ಪಲ್ಯವನ್ನು ಪೊಟ್ಟಣದೊಳಗೆ ತುಂಬಿ, ಬಾಯಿ ಮುಚ್ಚಿ, ಆಮೇಲೆ ಒತ್ತಡದಲ್ಲಿ 121 ಡಿಗ್ರಿಯ ಆಸುಪಾಸಿಗೆ ಕಾಯಿಸುತ್ತಾರೆ. ಬರೀ ಕುದಿಸಿದರೆ ಸಾಯದ ಬೀಜಕಣಗಳೂ ಆ ಬಿಸಿಗೆ ಸಾಯುತ್ತವೆ. ಮುಚ್ಚಿದ್ದು ಮುಚ್ಚಿದ ಹಾಗೇ ಇರುವುದರಿಂದ ಹೊಸದು ಒಳಗೆ ಹೋಗುವ ದಾರಿಯಿಲ್ಲ.

ನಮ್ಮ ಮನೆಯ ಕುಕ್ಕರೂ ಸುಮಾರು 120 ಡಿಗ್ರಿ ಮುಟ್ಟುತ್ತದೆ. ಆದರೆ ನಾವು ಮುಚ್ಚಳ ತೆಗೆಯುತ್ತೇವೆ, ಸೌಟು ಹಾಕುತ್ತೇವೆ, ಡಬ್ಬಿಗೆ ಬಗ್ಗಿಸುತ್ತೇವೆ. ಕಾರ್ಖಾನೆಗೂ ಮನೆಗೂ ಇರುವ ವ್ಯತ್ಯಾಸ ಅಷ್ಟೇ, ಆದರೆ ಆ ಅಷ್ಟರಲ್ಲೇ ಎಲ್ಲ ಇದೆ. ಅವರದು ತಿಂಗಳುಗಟ್ಟಲೆ ಹೊರಗೇ ಇರುತ್ತದೆ, ನಮ್ಮದಕ್ಕೆ ಫ್ರಿಜ್ ಬೇಕು, ಅಲ್ಲಿಯೂ ಮೂರು ದಿನ, ಹೆಚ್ಚೆಂದರೆ ನಾಲ್ಕು. ಗುರುವಾರ ಶುಕ್ರವಾರದ ಪಾಲನ್ನು ಭಾನುವಾರವೇ ಫ್ರೀಜರಿಗೆ ಹಾಕಬೇಕು. ಕೆಳಗಿನ ಅರೆಯಲ್ಲಿಟ್ಟು ಶುಕ್ರವಾರದವರೆಗೆ ಕಾಯುವುದನ್ನು ನಾನು ಯಾರಿಗೂ ಹೇಳಲಾರೆ, ಮೂಗಿಗೆ ವಾಸನೆ ತಿಳಿಯದಿದ್ದರೂ ಸರಿ.

ಕುಕ್ಕರಿನ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕರಾವಳಿಯಿಂದ ಬಂದವರು ತೆರೆದ ಪಾತ್ರೆಯಲ್ಲಿ ಕಡಲೆಕಾಳು ಬೇಯಿಸಲು ಹೋಗಿ, ಕಾಳೇ ಸರಿಯಿಲ್ಲ ಎಂದು ಅಂಗಡಿಯವರನ್ನು ಬೈಯುವುದುಂಟು. ಕಾಳು ಸರಿಯಾಗಿಯೇ ಇರುತ್ತದೆ, ನೀರಿಗೆ ಅಷ್ಟು ಕಾವು ಏರಿರುವುದಿಲ್ಲ.

ಇನ್ನು ಮಾಡುವ ವಿಧಾನ. ಇಬ್ಬರಿಗೆ ವಾರದ ಲೆಕ್ಕದಲ್ಲಿ ಅರ್ಧ ಕಿಲೋ ಕಡಲೆಕಾಳು ಶನಿವಾರ ರಾತ್ರಿ ನೆನೆಯಲಿ. ಬೆಳಿಗ್ಗೆ ಅದು ಎರಡರಷ್ಟು ತೂಗುತ್ತದೆ. ಅಲಸಂದೆಯಾದರೂ ಆದೀತು, ಹೆಸರುಕಾಳಾದರೂ ಆದೀತು. ಮಾಗಿಯ ದಿನಗಳಲ್ಲಿ ಅವರೆ ಬಂದರೆ ಬೇರೆ ಕಾಳಿನ ಸುದ್ದಿಯೇ ಬೇಡ. ಹಿಸುಕಿದ ಬೇಳೆಯನ್ನು ಹಸಿಯಾಗಿಯೇ ಫ್ರೀಜರಿಗೆ ಹಾಕಿದರೂ ಹದ ಕೆಡುವುದಿಲ್ಲ. ಉಪ್ಪು ಹಾಕಿ, ಹಿಚುಕಿದರೆ ಹಿಟ್ಟಾಗುವ ಹಾಗೆ ಬೇಯಿಸಿ, ನೀರು ಬಸಿದು ಆ ಕಟ್ಟನ್ನೂ ಇಟ್ಟುಕೊಳ್ಳಿ.

ಅಗಲವಾದ ಬಾಣಲೆಗೆ ಧಾರಾಳವಾಗಿ ಎಣ್ಣೆ. ಅರ್ಧ ಕಿಲೋಗಿಂತ ಹೆಚ್ಚೇ ಈರುಳ್ಳಿ, ಉದ್ದಕ್ಕೆ ಹೆಚ್ಚಿದ್ದು. ಇಲ್ಲಿ ಅವಸರ ಮಾಡಬೇಡಿ. ಮೊದಲು ಈರುಳ್ಳಿ ಬೆವರುತ್ತದೆ, ನೀರು ಬಿಟ್ಟು ಮೆತ್ತಗಾಗುತ್ತದೆ, ಆಮೇಲೆ ಅಂಚು ಕೆಂಪಾಗುತ್ತದೆ. ಶುಂಠಿ, ಬೆಳ್ಳುಳ್ಳಿ ಬೀಳಲಿ. ಅಷ್ಟೇ ತೂಕದ ಹುಳಿ ಟೊಮ್ಯಾಟೊ, ನಾಟಿಯದಾದರೆ ಉತ್ತಮ. ಬ್ಯಾಡಗಿ ಮೆಣಸಿನಕಾಯಿಯ ಪುಡಿ ಬಣ್ಣಕ್ಕೆ, ಗುಂಟೂರಿನದು ಖಾರಕ್ಕೆ, ಧನಿಯ, ಜೀರಿಗೆ, ಅರಿಸಿನ, ಸಣ್ಣ ನಿಂಬೆಗಾತ್ರದ ಹುಣಿಸೆಹಣ್ಣಿನ ರಸ. ಇಷ್ಟು ಬಿದ್ದ ಮೇಲೆ ಕಿವಿ ಕೊಟ್ಟು ಕೇಳಿ. ಮೊದಲು ಕೊತಕೊತ ಎಂದು ಮೆತ್ತಗೆ ಕುದಿಯುತ್ತಿರುತ್ತದೆ. ನೀರು ಇಂಗಿದ ಹಾಗೆ ಆ ಸದ್ದು ತೆಳುವಾಗಿ ಚುರುಚುರು ಎನ್ನಲು ಶುರುವಾಗುತ್ತದೆ. ಸೌಟಿನಿಂದ ನಡುವೆ ಒಂದು ಗೆರೆ ಎಳೆದರೆ ಅದು ತಕ್ಷಣ ಮುಚ್ಚಿಕೊಳ್ಳುವುದಿಲ್ಲ. ಗೆರೆಯ ಎರಡೂ ದಡದಲ್ಲಿ ಕೆಂಪು ಎಣ್ಣೆ ಜಿನುಗುತ್ತದೆ. ಇದೇ ಎಣ್ಣೆ ಬಿಡುವ ಹದ. ನೀರು ಹೋಗಿ, ಹುಳಿ ಉಪ್ಪು ಗಟ್ಟಿಯಾಗಿ, ಮಸಾಲೆ ಬಾಳಿಕೆಗೆ ಬರುವುದು ಈ ಹೊತ್ತಿನಲ್ಲೇ. ಅರ್ಧಕ್ಕೇ ಇಳಿಸಿದರೆ ಹಸಿವಾಸನೆಯೂ ಉಳಿಯುತ್ತದೆ, ಬೇಗ ಹುಳಿತೂ ಹೋಗುತ್ತದೆ. ಆಮೇಲೆ ಬೆಂದ ಕಾಳು ಸೇರಿಸಿ, ಕಟ್ಟು ಸ್ವಲ್ಪ ಬೆರೆಸಿ, ಗಟ್ಟಿಯಾಗಿಯೇ ಒಂದು ಕುದಿ ಬರಿಸಿ ಇಳಿಸಿ.

ಟೊಮ್ಯಾಟೊ ಇಲ್ಲದೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಖಂಡಿತ ಆಗುತ್ತದೆ. 16ನೇ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಬರೆದಾಗ ಕನ್ನಡನಾಡಿನ ಅಡುಗೆಮನೆಯಲ್ಲಿ ಟೊಮ್ಯಾಟೊ, ಆಲೂಗಡ್ಡೆ, ಮೆಣಸಿನಕಾಯಿ ಮೂರೂ ಇರಲಿಲ್ಲ. ಆದರೂ ಬದನೆಕಾಯಿಗೆಂದೇ ಒಂದು ಅಧ್ಯಾಯ ಬರೆಯುವಷ್ಟು ಅಡುಗೆ ಇತ್ತು. ಮಾರುಕಟ್ಟೆಯಲ್ಲಿ ಟೊಮ್ಯಾಟೊ ಬೆಲೆ ಏರಿದ ವಾರ ಹುಣಿಸೆಯನ್ನು ಹೆಚ್ಚು ಮಾಡಿ, ಚೂರು ಬೆಲ್ಲ ಹಾಕಿ; ನಮ್ಮ ನಾಲಗೆಗೆ ಅದೇ ಹಳೆಯ ಪರಿಚಯ.

ತರಕಾರಿಯಲ್ಲೂ ಬಾಳುವವು ಬೇರೆ, ಬಾಳದವು ಬೇರೆ. ಹುರುಳಿಕಾಯಿ, ಕ್ಯಾರೆಟ್, ಬಟಾಣಿ, ನವಿಲುಕೋಸು ಇವು ತಡೆಯುತ್ತವೆ. ಸೋರೆ, ಹೀರೆ, ಸೌತೆ ನೀರಾಗುತ್ತವೆ. ಆಲೂಗಡ್ಡೆ ಫ್ರೀಜರಿನಲ್ಲಿ ಮರಳು ಮರಳಾಗುತ್ತದೆ. ಬೆಂಡೆಯನ್ನು ಮಾಡಿದ ದಿನವೇ ತಿನ್ನಬೇಕು.

ಈಗ ಆರಿಸುವ ಮಾತು. ಅಡುಗೆ ಕೆಡುವುದು ಹೆಚ್ಚಾಗಿ ಇಲ್ಲಿಯೇ, ಫ್ರಿಜ್ಜಿನೊಳಗೆ ಹೋಗುವ ಮುಂಚೆಯೇ. ದೊಡ್ಡ ಪಾತ್ರೆಯಲ್ಲಿ ತುಂಬಿದ ಗಟ್ಟಿ ಪಲ್ಯವನ್ನು ಮುಚ್ಚಿಟ್ಟರೆ ಅದರ ನಡುವಿನ ಭಾಗ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ. 60 ಡಿಗ್ರಿಯಿಂದ 5 ಡಿಗ್ರಿಯವರೆಗಿನ ಹರವೇ ಅಪಾಯದ್ದು; ಕುದಿಗೂ ಸಾಯದೆ ಉಳಿದ ಬೀಜಕಣಗಳು ಮೊಳೆತು ಬೆಳೆಯುವುದು ಆ ಬೆಚ್ಚನೆಯಲ್ಲೇ. ಅಗಲವಾದ ಎರಡು ತಟ್ಟೆಗಳಿಗೆ ತೆಳ್ಳಗೆ ಹರಡಿ, ತಟ್ಟೆಯನ್ನು ತಣ್ಣೀರಿನ ಮೇಲಿಟ್ಟು, ಫ್ಯಾನಿನಡಿ ಆರಿಸಿದರೆ ಅರ್ಧ ಗಂಟೆಯಲ್ಲಿ ಬಿಸಿ ಇಳಿಯುತ್ತದೆ. ಒಲೆಯಿಂದ ಇಳಿಸಿ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಸಣ್ಣ ಸಣ್ಣ ಡಬ್ಬಿ, ಒಂದು ಡಬ್ಬಿ ಒಂದು ಊಟಕ್ಕೆ. ದೊಡ್ಡ ಡಬ್ಬಿಯೊಂದನ್ನೇ ದಿನಾ ತೆಗೆದು, ಬಿಸಿ ಮಾಡಿ, ಮತ್ತೆ ಒಳಗಿಡುವುದು ಬೇಡ. ಬೇಸಿಗೆಯಲ್ಲಿ ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ; ಅದಕ್ಕಿಂತ ಹೆಚ್ಚಾದರೆ ಒಳಗಿನ ಪಲ್ಯದ ಆಸೆ ಬಿಟ್ಟುಬಿಡಬೇಕು. ಅಂಥ ದಿನ ಚೆಲ್ಲಲು ಮನಸ್ಸು ಬಾರದೆ ತಿಂದವರು ಮಾರನೆಯ ದಿನ ರಜೆ ಹಾಕಿದ್ದನ್ನು ಈ ಬೀದಿಯಲ್ಲಿ ನೋಡಿದ್ದೇನೆ.

ಇನ್ನು ಆಯಾ ದಿನದ ಕೆಲಸ. ಒಂದು ಹಿಡಿ ಕಾಯಿಗೆ ಧನಿಯ, ಹುರಿದ ಕಡಲೆಬೇಳೆ, ಇಂಗು ಸೇರಿಸಿ ರುಬ್ಬಿ ಬೆರೆಸಿದರೆ ಸೋಮವಾರ ಅದು ಹುಳಿ. ಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ, ಕೊತ್ತಂಬರಿ, ಚೂರು ಚಕ್ಕೆ, ಎರಡು ಲವಂಗ ಹಾಕಿದರೆ ಮಂಗಳವಾರ ಚಪಾತಿಗೆ ಸಾಗು. ಬುಧವಾರ ಮಿಕ್ಸಿಯನ್ನೇ ಮುಟ್ಟದೆ ಗುರೆಳ್ಳುಪುಡಿ, ಬೆಲ್ಲ ಬೆರೆಸಿದರೆ ರೊಟ್ಟಿಗೆ ಒಪ್ಪುವ ಕಾಳುಪಲ್ಯ. ಒಗ್ಗರಣೆ ಮಾತ್ರ ದಿನಾ ಹೊಸದಾಗಿ ಆಗಬೇಕು. ಸಾಸಿವೆ ಸಿಡಿದು ಕರಿಬೇವು ಚಟಪಟ ಎಂದಾಗ ಏಳುವ ಘಮವನ್ನು ಡಬ್ಬಿಯೊಳಗೆ ಕೂಡಿಡಲು ಬರುವುದಿಲ್ಲ. ತುರಿದ ಕಾಯಿಯನ್ನು ಬೇಕಿದ್ದರೆ ಪುಟ್ಟ ಪೊಟ್ಟಣಗಳಲ್ಲಿ ಫ್ರೀಜರಿನಲ್ಲಿಟ್ಟುಕೊಳ್ಳಿ. ಬೆಳಿಗ್ಗೆ ತುರಿಮಣೆ ಹುಡುಕುವ ಕೆಲಸವೂ ಉಳಿಯಿತು. ತೆಗೆದ ಡಬ್ಬಿ ಬರೀ ಬೆಚ್ಚಗಾದರೆ ಸಾಲದು, ಗುಳುಗುಳು ಕುದಿಯಬೇಕು.

ಹಿರಿಯರಿಗೆ ಇದೆಲ್ಲ ಒಗ್ಗುವುದಿಲ್ಲ, ಗೊತ್ತು. ಫ್ರಿಜ್ಜಿನಿಂದ ತೆಗೆದದ್ದೆಲ್ಲ ತಂಗಳು, ತಂಗಳು ತಿನ್ನುವುದು ದರಿದ್ರ ಎಂದು ನಂಬಿ ಬೆಳೆದವರು ಅವರು. ಊರಿಂದ ಮಗನ ಮನೆಗೆ ಬಂದ ಅತ್ತೆಯವರು ಮೂರು ಹೊತ್ತೂ ಬಿಸಿ ಅಡುಗೆ ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆ ಬಿಸಿ ಅಡುಗೆಗಾಗಿ ಹಿಂದೆ ಒಬ್ಬ ಹೆಂಗಸು ಇಡೀ ದಿನ ಒಲೆಯ ಮುಂದೆ ಇರುತ್ತಿದ್ದಳು ಎಂಬುದನ್ನು ಮಾತ್ರ ನೆನಪಿಡಬೇಕು. ಇವತ್ತು ಅದೇ ಹೆಂಗಸು ಎಂಟೂವರೆಯ ಮೆಟ್ರೋ ಹಿಡಿಯುತ್ತಾಳೆ. ವಾರದ ಅಡುಗೆಯ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ: ಐದು ದಿನದ ದುಡಿತವನ್ನು ಒಟ್ಟು ಮಾಡಿ ಭಾನುವಾರ ಅವಳ ತಲೆಗೇ ಕಟ್ಟಿದರೆ ಉಳಿಸಿದ್ದೇನು? ವಾರಕ್ಕೊಂದು ರಜೆ, ಅದೂ ಹೋಯಿತು. ಇಬ್ಬರು ದುಡಿಯುವ ಮನೆಯಲ್ಲಿ ಒಬ್ಬರು ಈರುಳ್ಳಿ ಹೆಚ್ಚಿದರೆ ಇನ್ನೊಬ್ಬರು ಬಾಣಲೆಯ ಮುಂದೆ ನಿಲ್ಲಬೇಕು, ಪಾತ್ರೆ ತೊಳೆಯುವಾಗಲೂ ಇಬ್ಬರೂ ಇರಬೇಕು. ಮೇಲಿನ ಮನೆಗಳ ಗಂಡುಹುಡುಗರು ಯಾರ ಹಂಗೂ ಇಲ್ಲದೆ ಕಾಳು ನೆನೆಸಿ, ಬೇಯಿಸಿ, ಡಬ್ಬಿ ತುಂಬಿಕೊಳ್ಳುವುದನ್ನು ಕಂಡಾಗ ನನಗೆ ನಿಜಕ್ಕೂ ಸಂತೋಷವಾಗುತ್ತದೆ. ಮದುವೆಯಾದ ಮೇಲೂ ಅದನ್ನು ಮುಂದುವರಿಸಲಿ.

ಅನ್ನವನ್ನು ಮಾತ್ರ ವಾರದ ಲೆಕ್ಕಕ್ಕೆ ಸೇರಿಸಬೇಡಿ. ಅಕ್ಕಿಯಲ್ಲಿ ಸಹಜವಾಗಿಯೇ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಿಯ ಬೀಜಕಣಗಳು ಕುದಿಯನ್ನು ತಡೆದುಕೊಳ್ಳುತ್ತವೆ. ಅನ್ನ ಹೊರಗೆ ಬೆಚ್ಚಗೆ ಕೂತರೆ ಮೊಳೆತು ವಿಷ ಬಿಡುತ್ತವೆ. ಆ ವಿಷ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. ನೀರಲ್ಲಿ ಮುಳುಗಿಸಿಟ್ಟು ಹುಳಿ ಬರಿಸಿ ಉಣ್ಣುವ ತಂಗಳನ್ನದ ಲೆಕ್ಕ ಬೇರೆ. ರಾತ್ರಿ ಮಿಕ್ಕ ಅನ್ನದಲ್ಲಿ ಬೆಳಿಗ್ಗೆ ಚಿತ್ರಾನ್ನ ಮಾಡುವುದಾದರೆ ಊಟವಾದ ಕೂಡಲೇ ಅದನ್ನು ಹರಡಿ, ಆರಿಸಿ ಫ್ರಿಜ್ಜಿಗಿಡಿ. ಇಲ್ಲವಾದರೆ ಒಂದು ಲೋಟ ಅಕ್ಕಿ ತೊಳೆದು ಕುಕ್ಕರಿಗಿಟ್ಟು, ಪಕ್ಕದ ಒಲೆಯಲ್ಲಿ ಫ್ರೀಜರಿನ ಡಬ್ಬಿ ಕುದಿಯಲು ಬಿಟ್ಟು, ಕೈಕಾಲು ತೊಳೆದು ಬಂದರೆ ಎರಡೂ ಒಟ್ಟಿಗೆ ಆಗಿರುತ್ತವೆ.